ಗದ್ದಿಯ ಕಲಿಕೆ, ಕಾಲೇಜಿನ ಪದವಿ: ಬೆಂಗಳೂರು ದಂಡು ಪ್ರದೇಶದ ವಾಣಿಜ್ಯ ಶಿಕ್ಷಣದ ಒಂದು ಅವಲೋಕನ

ಪ್ರತಿ ವರ್ಷ ದ್ವಿತೀಯ ಪಿ.ಯು.ಸಿ. ಫಲಿತಾಂಶ ಪ್ರಕಟವಾದೊಡನೆ ವ್ಯಾಪಾರಸ್ಥ ಜೈನ ಕುಟುಂಬಗಳಲ್ಲಿ ಒಂದು ಚರ್ಚೆ ತಪ್ಪದೆ ನಡೆಯುತ್ತದೆ. ಮಗನನ್ನು ಅಥವಾ ಮಗಳನ್ನು ಬಿ.ಕಾಂ.ಗೆ ಸೇರಿಸಬೇಕೋ, ಬಿ.ಬಿ.ಎ.ಗೋ? ಮುಂದೆ ಎಂ.ಬಿ.ಎ. ಮಾಡಿಸಬೇಕೋ, ಅಥವಾ ನೇರವಾಗಿ ಅಂಗಡಿಯಲ್ಲಿ ಕೂರಿಸಬೇಕೋ? ಬಸದಿ ಮತ್ತು ಮಂದಿರಗಳ ಟ್ರಸ್ಟುಗಳ ವಿದ್ಯಾದಾನ ನಿಧಿಗೆ ಅರ್ಜಿಗಳು ಬಂದಾಗ ಧರ್ಮದರ್ಶಿಗಳ ಮುಂದೆಯೂ ಇದೇ ಪ್ರಶ್ನೆ ಬೇರೊಂದು ರೂಪದಲ್ಲಿ ನಿಲ್ಲುತ್ತದೆ. ಸಾಮಾನ್ಯವಾಗಿ ಇದಕ್ಕೆ ಉತ್ತರ ದೊರೆಯುವುದು ನೆರೆಮನೆಯವರು ಏನು ಮಾಡಿದರೆಂಬುದನ್ನು ನೋಡಿ. ಆದರೆ ಮಾರಾಟವನ್ನೂ ಮಾರುಕಟ್ಟೆಯ ನಿರ್ವಹಣೆಯನ್ನೂ ಕಲಿಸುವ ಈ ಬಗೆಬಗೆಯ ಶಿಕ್ಷಣಕ್ರಮಗಳು ಯಾವ ಕಾಲದಲ್ಲಿ, ಯಾವ ಅಗತ್ಯದಿಂದ ಹುಟ್ಟಿದವು ಎಂಬುದನ್ನು ತಿಳಿದರೆ ಅವುಗಳ ಬೆಲೆಯನ್ನು ತೂಗುವುದು ಸುಲಭವಾದೀತು. ಬೆಂಗಳೂರಿನ ದಂಡು ಪ್ರದೇಶ ಮತ್ತು ಅದರ ಪೂರ್ವದ ಬಡಾವಣೆಗಳು ಇಂತಹ ಅವಲೋಕನಕ್ಕೆ ಬಹಳ ತಕ್ಕ ಸ್ಥಳಗಳು. ಈ ಶಿಕ್ಷಣದ ಬಹುತೇಕ ಎಲ್ಲ ಘಟ್ಟಗಳೂ ಇಲ್ಲಿ ಕೆಲವೇ ಮೈಲಿಗಳ ಅಂತರದಲ್ಲಿ ನಡೆದುಹೋಗಿವೆ.

ವ್ಯಾಪಾರವನ್ನು ಶಾಸ್ತ್ರವಾಗಿ ಕಲಿಸಬಹುದೆಂಬ ಭಾವನೆ ಪಾಶ್ಚಾತ್ಯರಿಂದ ಬಂದುದೆಂದು ಹಲವರು ತಿಳಿದಿದ್ದಾರೆ. ಇದು ಸರಿಯಲ್ಲ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯನು ರಚಿಸಿದ ‘ಗಣಿತಸಾರಸಂಗ್ರಹ’ದ ಮಿಶ್ರಕ ವ್ಯವಹಾರವೆಂಬ ಅಧ್ಯಾಯದಲ್ಲಿ ಬಡ್ಡಿಯ ಲೆಕ್ಕ, ಪಾಲುದಾರರ ನಡುವೆ ಲಾಭದ ಹಂಚಿಕೆ, ಬೇರೆ ಬೇರೆ ಮಚ್ಚಗಳ ಚಿನ್ನವನ್ನು ಬೆರೆಸಿದಾಗ ದೊರೆಯುವ ಬಣ್ಣ ಇವೆಲ್ಲವೂ ಬಂದಿವೆ. 12ನೆಯ ಶತಮಾನದ ಜೈನಕವಿ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದನು. ಸಂಸ್ಕೃತ ಬಾರದ ಕನ್ನಡ ವರ್ತಕನಿಗೂ ಕರಣಿಕನಿಗೂ ಎಟುಕುವ ಗಣಿತ ಅದು. ಮದರಾಸಿನಲ್ಲಿ ಎಂ. ರಂಗಾಚಾರ್ಯರು 1912ರಲ್ಲಿ ಮಹಾವೀರಾಚಾರ್ಯನ ಗ್ರಂಥವನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಅದರ ಮರುವರ್ಷವೇ ಮುಂಬಯಿಯಲ್ಲಿ ಸಿಡನ್‌ಹ್ಯಾಂ ವಾಣಿಜ್ಯ ಕಾಲೇಜು ಆರಂಭವಾಯಿತು. ಸಾವಿರ ವರ್ಷಗಳ ಹಳೆಯ ಪಾಠ ಮತ್ತು ಹೊಸ ಪಾಠ ಒಂದೇ ಬಾಗಿಲಿನಲ್ಲಿ ಎದುರಾದರೂ ಒಂದನ್ನೊಂದು ಗುರುತಿಸಲಿಲ್ಲ.

ಶ್ರೀರಂಗಪಟ್ಟಣದಿಂದ ಬ್ರಿಟಿಷ್ ಸೈನ್ಯವು 1809ರಲ್ಲಿ ಬೆಂಗಳೂರಿಗೆ ಬಂದು, ಪುರಾತನ ಹಲಸೂರಿನ ಪಕ್ಕದಲ್ಲಿ ಬೀಡುಬಿಟ್ಟಿತು. ದಂಡಿದ್ದಲ್ಲಿ ಬಜಾರು ಇರಲೇಬೇಕು. ಇಂದಿನ ಶಿವಾಜಿನಗರ, ಅಂದಿನ ಬ್ಲ್ಯಾಕ್‌ಪಲ್ಲಿ, ಹಾಗೆ ಬೆಳೆದ ಪ್ರದೇಶ. 1864ರಲ್ಲಿ ಜೋಲಾರಪೇಟೆಯಿಂದ ದಂಡು ನಿಲ್ದಾಣಕ್ಕೆ ರೈಲು ಬಂದ ಮೇಲೆ ಮದರಾಸಿನ ಸರಕು ನೇರವಾಗಿ ಇಲ್ಲಿಗೆ ಇಳಿಯತೊಡಗಿತು. ತಮಿಳು ಮೊದಲಿಯಾರರು, ಕಚ್ಛೀ ಮೆಮನ್ನರು, ರಾಜಸ್ಥಾನ ಗುಜರಾತುಗಳಿಂದ ಬಂದ ಜೈನರು ಇಲ್ಲಿ ನೆಲೆನಿಂತರು. ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ, ಜ್ಯುಯಲರ್ಸ್ ಸ್ಟ್ರೀಟಿನ ಚಿನ್ನ ಬೆಳ್ಳಿ ಮತ್ತು ಗಿರವಿ, 1927ರಲ್ಲಿ ಕಟ್ಟಲಾದ ರಸೆಲ್ ಮಾರ್ಕೆಟ್ಟಿನ ಹಣ್ಣು ತರಕಾರಿ, ಹೀಗೆ ಬೀದಿಗೊಂದು ವ್ಯಾಪಾರವಾಯಿತು. ಒಂದೇ ಗಲ್ಲೆಯ ಮುಂದೆ ನಿಂತ ಗಿರಾಕಿಗಳು ತಮಿಳು, ದಖನಿ, ಕನ್ನಡ, ಇಂಗ್ಲಿಷ್ ನಾಲ್ಕನ್ನೂ ಆಡುತ್ತಿದ್ದರು. ಅಂಗಡಿಯಲ್ಲಿ ಕುಳಿತವನಿಗೆ ನಾಲ್ಕೂ ಬರಲೇಬೇಕಿತ್ತು, ಮನೆಯಲ್ಲಿ ಮಾರವಾಡಿಯನ್ನೋ ಗುಜರಾತಿಯನ್ನೋ ಆಡಿದರೂ.

ಈ ಅಂಗಡಿಗಳಲ್ಲಿ ನಡೆಯುತ್ತಿದ್ದ ಕಲಿಕೆಗೆ ಪಠ್ಯಪುಸ್ತಕವಿರಲಿಲ್ಲ, ಕ್ರಮವಿತ್ತು. ಹುಡುಗನು ಮೊದಲು ಕಸ ಗುಡಿಸಿ ಜಮಖಾನೆ ಹಾಸುವನು. ಬಳಿಕ ಬಟ್ಟೆಯ ತಾನುಗಳನ್ನು ಬಿಚ್ಚಿ ತೋರಿಸಿ ಮತ್ತೆ ಮಡಚಿಡುವನು. ಈ ಮಡಚುವ ಕೆಲಸದಲ್ಲಿಯೇ ನೂಲಿನ ಗುಣ ಬೆರಳಿಗೆ ತಿಳಿಯುತ್ತಿತ್ತು. ಆಮೇಲೆ ಅಳತೆ, ಅನಂತರ ಚೌಕಾಸಿ. ತಾನಿನ ಅಂಚಿಗೆ ಕಟ್ಟಿದ ಚೀಟಿಯಲ್ಲಿ ಅಸಲು ಬೆಲೆಯನ್ನು ಅಂಕಿಗಳಲ್ಲಿ ಬರೆಯದೆ, ಆಯಾ ಮನೆತನದವರಿಗೆ ಮಾತ್ರ ತಿಳಿದ ಗುಪ್ತಾಕ್ಷರಗಳಲ್ಲಿ ಬರೆಯುವ ರೂಢಿಯಿತ್ತು. ಆ ಅಕ್ಷರಗಳ ಅರ್ಥವನ್ನು ಹುಡುಗನಿಗೆ ಹೇಳಿಕೊಟ್ಟ ದಿನ ಅವನು ಅಂಗಡಿಗೆ ಸೇರಿದನೆಂದು ಅರ್ಥ. ಕಿರ್ದಿ ಬರೆಯುವುದು, ಅದನ್ನು ಖಾತೆಗೆ ಎತ್ತುವುದು, ರಾತ್ರಿ ರೋಕಡ ತಾಳೆಯಾಗುವವರೆಗೆ ಏಳದಿರುವುದು, ಇವು ಮುನೀಮರಿಂದ ಬರುತ್ತಿದ್ದ ಪಾಠಗಳು. ಎಲ್ಲಕ್ಕೂ ಕೊನೆಯ ಪಾಠ ಎರಡು: ಯಾರಿಗೆ ಉದ್ದರಿ ಕೊಡಬಹುದು, ಯಾವ ಸರಕನ್ನು ಎಷ್ಟು ಕೊಳ್ಳಬೇಕು. ಈ ಎರಡನ್ನು ಕಲಿಯಲು ಹತ್ತು ವರ್ಷಗಳಾದರೂ ಹಿಡಿಯುತ್ತಿದ್ದವು, ಏಕೆಂದರೆ ತಪ್ಪಿದಾಗ ಹೋಗುತ್ತಿದ್ದುದು ಮನೆಯ ಹಣ.

ಇದನ್ನು ಅತಿಯಾಗಿ ಕೊಂಡಾಡುವವರು ಅದರ ಇನ್ನೊಂದು ಮುಖವನ್ನು ಮರೆಯುತ್ತಾರೆ. ಈ ಶಾಲೆಗೆ ಪ್ರವೇಶವಿದ್ದುದು ರಕ್ತಸಂಬಂಧಿಗಳಿಗೆ, ಹೆಚ್ಚೆಂದರೆ ಊರಿನಿಂದ ಕರೆಸಿಕೊಂಡ ನೆಂಟರ ಹುಡುಗರಿಗೆ. ಕೂಲಿಯ ಆಳು ಮೂವತ್ತು ವರ್ಷ ದುಡಿದರೂ ಗುಪ್ತಾಕ್ಷರ ಅವನಿಗೆ ತಿಳಿಯುತ್ತಿರಲಿಲ್ಲ. ಮನೆಯ ಹೆಣ್ಣುಮಕ್ಕಳಿಗಂತೂ ಗದ್ದಿಯ ಮೇಲೆ ಸ್ಥಳವೇ ಇರಲಿಲ್ಲ. ಅಂಗಡಿಯ ಯಜಮಾನನು ಅಕಾಲದಲ್ಲಿ ತೀರಿಕೊಂಡರೆ ಲೆಕ್ಕಪತ್ರಗಳು ವಿಧವೆಯ ಕೈಗಲ್ಲ, ದಾಯಾದಿಗಳ ಕೈಗೆ ಹೋಗುತ್ತಿದ್ದವು. ವಾಣಿಜ್ಯ ಕಾಲೇಜುಗಳ ಬೆಲೆಯನ್ನು ತೂಗುವವರು ಈ ಸಂಗತಿಯನ್ನು ತಕ್ಕಡಿಯಿಂದ ಕೆಳಗಿಳಿಸಬಾರದು.

ದಂಡು ಪ್ರದೇಶದಲ್ಲಿ ವ್ಯಾಪಾರದ ಹಣ ಶಿಕ್ಷಣಕ್ಕೆ ಹರಿದ ಮೊದಲ ದೊಡ್ಡ ನಿದರ್ಶನ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರದು. ವ್ಯಾಪಾರಿಯೂ ಗುತ್ತಿಗೆದಾರರೂ ಆಗಿದ್ದ ಅವರು ಅಠಾರಾ ಕಚೇರಿಯನ್ನು ಕಟ್ಟಿಸಿದವರು. 1873ರಲ್ಲಿ ಅವರು ತೆರೆದ ಶಾಲೆಯೇ ಮುಂದೆ ಆರ್.ಬಿ.ಎ.ಎನ್.ಎಂ. ಧರ್ಮಸಂಸ್ಥೆಗಳಾಗಿ ಬೆಳೆದು, ಹಲಸೂರು ಕೆರೆಯ ಸಮೀಪದಲ್ಲಿ ಇಂದಿಗೂ ಪದವಿ ಕಾಲೇಜನ್ನು ನಡೆಸುತ್ತಿದೆ. ಒಬ್ಬ ವರ್ತಕನು ತನ್ನ ಅಂಗಡಿಯಲ್ಲಿ ಕಲಿಸಬಹುದಾದುದನ್ನು ಅಂಗಡಿಯ ಹೊರಗೆ, ತನ್ನ ಕುಲದವರಲ್ಲದವರಿಗೂ ಕಲಿಸಲು ಹಣ ಕೊಟ್ಟನೆಂಬುದು ಇಲ್ಲಿ ಗಮನಾರ್ಹ.

ಬಿ.ಕಾಂ. ಪದವಿಗೆ ಬೆಲೆ ಬಂದುದು ಮಾರಾಟದಿಂದಲ್ಲ, ತೆರಿಗೆಯಿಂದ. 1947ರಲ್ಲಿ ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್ ಮೈಸೂರು ಸಂಸ್ಥಾನಕ್ಕೆ ಮರಳಿತು. 1949ರಲ್ಲಿ ಪೇಟೆ ಮತ್ತು ದಂಡು ಎರಡೂ ಸೇರಿ ಒಂದೇ ಕಾರ್ಪೊರೇಷನ್ ಆಯಿತು. ಅದೇ 1949ರಲ್ಲಿ ಚಾರ್ಟರ್ಡ್ ಅಕೌಂಟೆಂಟರ ಕಾಯಿದೆ ಬಂದಿತು, ಅದೇ ವರ್ಷ ಸಂತ ಜೋಸೆಫರ ಕಾಲೇಜು ವಾಣಿಜ್ಯ ವಿಭಾಗವನ್ನು ತೆರೆಯಿತು. 1957ರ ಮೈಸೂರು ಮಾರಾಟ ತೆರಿಗೆ ಕಾಯಿದೆ ಮತ್ತು 1961ರ ಆದಾಯ ತೆರಿಗೆ ಕಾಯಿದೆಗಳ ತರುವಾಯ ಮಹಾಜನಿ ಲಿಪಿಯ ಕೆಂಪು ಬಹಿಗಳನ್ನು ತೆರಿಗೆ ಅಧಿಕಾರಿಯ ಮುಂದೆ ಹಿಡಿದು ಗೆಲ್ಲುವುದು ಕಷ್ಟವಾಯಿತು. ಮನೆಯಲ್ಲೊಬ್ಬನಿಗಾದರೂ ಇಂಗ್ಲಿಷಿನಲ್ಲಿ ಜಮಾಖರ್ಚು ತಿಳಿದಿರಬೇಕೆಂಬ ಅಗತ್ಯ ಹುಟ್ಟಿತು. ಬೆಳಗಿನ ತರಗತಿ ಮುಗಿಸಿ ಮಧ್ಯಾಹ್ನ ಅಂಗಡಿಗೆ ಬರುವ ಮಕ್ಕಳು ಕಾಣಿಸಿಕೊಂಡದ್ದು ಈ ಕಾಲದಲ್ಲಿ. ಜೋಸೆಫರ ವಾಣಿಜ್ಯ ವಿಭಾಗವು 1972ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಸ್ವತಂತ್ರ ಕಾಲೇಜಾಯಿತು. ಅರಮನೆ ರಸ್ತೆಯಲ್ಲಿ 1948ರಿಂದ ನಡೆಯುತ್ತಿದ್ದ ಮೌಂಟ್ ಕಾರ್ಮೆಲ್ ಮಹಿಳಾ ಕಾಲೇಜಿನಂತಹ ಸಂಸ್ಥೆಗಳಲ್ಲಿ ಮುಂದೆ ವಾಣಿಜ್ಯವೂ ಪಾಠಪಟ್ಟಿಗೆ ಸೇರಿದಾಗ, ಗದ್ದಿ ಕೊಡದಿದ್ದುದನ್ನು ತರಗತಿ ಕೊಟ್ಟಿತು. ವರ್ತಕರ ಹೆಣ್ಣುಮಕ್ಕಳು ಲಾಭನಷ್ಟದ ತಖ್ತೆಯನ್ನು ಓದಬಲ್ಲವರಾದರು.

ಇಷ್ಟಾದರೂ ಬಿ.ಕಾಂ.ನಲ್ಲಿ ಮಾರಾಟದ ಕಲೆಗೆ ದೊರೆತುದು ಒಂದು ಮೂಲೆ ಮಾತ್ರ. ಮಾರುಕಟ್ಟೆಯ ನಿರ್ವಹಣೆ ಪ್ರತ್ಯೇಕ ವಿದ್ಯೆಯಾಗಿ ಬೆಳೆದುದು ಅಮೆರಿಕದಲ್ಲಿ. ಅಲ್ಲಿ ವಾರ್ಟನ್ ಶಾಲೆ 1881ರಲ್ಲಿ, ಹಾರ್ವರ್ಡಿನ ವ್ಯವಹಾರ ಶಾಲೆ 1908ರಲ್ಲಿ ಆರಂಭವಾದವು. ಮಿಚಿಗನ್ ವಿಶ್ವವಿದ್ಯಾನಿಲಯದಲ್ಲಿ ಸರಕಿನ ವಿತರಣೆಯ ಕುರಿತ ಪಾಠ 1902ರಲ್ಲಿ ಶುರುವಾಯಿತು. ಕುತೂಹಲದ ಸಂಗತಿಯೆಂದರೆ, ನೇರ ಮಾರಾಟವನ್ನು ಅಲ್ಲಿಯೂ ಮೊದಲು ಕಲಿಸಿದುದು ಕಾಲೇಜಲ್ಲ. ಡೇಟನ್ ನಗರದಲ್ಲಿ ನಗದು ಎಣಿಕೆಯ ಯಂತ್ರ ತಯಾರಿಸುತ್ತಿದ್ದ ಜಾನ್ ಪ್ಯಾಟರ್‌ಸನ್ನನ ಕಂಪನಿ 19ನೆಯ ಶತಮಾನದ ಕೊನೆಯಲ್ಲಿಯೇ ತನ್ನ ಮಾರಾಟಗಾರರಿಗಾಗಿ ಶಾಲೆ ನಡೆಸಿತು, ಗಿರಾಕಿಯ ಮುಂದೆ ಆಡಬೇಕಾದ ಮಾತುಗಳನ್ನು ಬಾಯಿಪಾಠ ಮಾಡಿಸಿತು. ಮಾರಾಟವನ್ನು ಮಾರುವವನೇ ಕಲಿಸುತ್ತಾನೆ, ಮಾರುಕಟ್ಟೆಯನ್ನು ಕಾಲೇಜು ಕಲಿಸುತ್ತದೆ ಎಂಬ ಈ ವಿಭಾಗ ಇಂದಿನವರೆಗೂ ಹೆಚ್ಚು ಬದಲಾಗಿಲ್ಲ. ಇಂಗ್ಲಿಷಿನ ‘ಮಾರ್ಕೆಟಿಂಗ್’ ಎಂಬುದಕ್ಕೆ ಕನ್ನಡದಲ್ಲಿ ಒಪ್ಪುವ ಒಂದೇ ಮಾತು ಇನ್ನೂ ನಿಂತಿಲ್ಲವೆಂಬುದೂ, ಮಾರಾಟಕ್ಕೆ ಬಿಕರಿ, ಬೋಣಿ, ವಿಕ್ರಯ ಎಂದು ಹತ್ತು ಮಾತುಗಳಿರುವುದೂ ಇದಕ್ಕೆ ಸಾಕ್ಷಿಯಾಗಬಹುದು.

ಭಾರತದಲ್ಲಿ 1961ರಲ್ಲಿ ಕಲ್ಕತ್ತ ಮತ್ತು ಅಹಮದಾಬಾದುಗಳಲ್ಲಿ ಆಡಳಿತ ನಿರ್ವಹಣಾ ಸಂಸ್ಥೆಗಳು ಸ್ಥಾಪನೆಯಾದ ಮೇಲೆ ಈ ವಿದ್ಯೆಗೆ ಇಲ್ಲಿ ಮನ್ನಣೆ ದೊರೆಯಿತು. ಬೆಂಗಳೂರಿನಲ್ಲಿ ಯೇಸು ಸಭೆಯ ಪಾದ್ರಿಗಳು 1968ರಲ್ಲಿ ಸಂತ ಜೋಸೆಫರ ವ್ಯವಹಾರ ನಿರ್ವಹಣಾ ಕಾಲೇಜನ್ನು ಆರಂಭಿಸಿದರು. ಹಗಲು ದುಡಿದು ಸಂಜೆ ಕಲಿಯುವವರಿಗೆ ಇಂತಹ ಡಿಪ್ಲೊಮಾಗಳು ದೊಡ್ಡ ವರವಾದವು. ಭಾರತೀಯ ವಿದ್ಯಾಭವನದ ರಾಜೇಂದ್ರ ಪ್ರಸಾದ್ ಸಂಸ್ಥೆಯೂ ದೇಶದ ಹಲವು ನಗರಗಳಲ್ಲಿ ಮಾರಾಟ ಮತ್ತು ಮಾರುಕಟ್ಟೆ ನಿರ್ವಹಣೆಯ ಡಿಪ್ಲೊಮಾ ನಡೆಸಿತು. ಅಂಗಡಿಯನ್ನು ಬಿಡದೆ ಕಲಿಯಬಹುದಾದ ಈ ಸಂಜೆಯ ಕ್ರಮಕ್ಕೆ ಸಮಾಜದಲ್ಲಿ ಸಲ್ಲಬೇಕಾದಷ್ಟು ಗೌರವ ಸಂದಿಲ್ಲ. 1973ರಲ್ಲಿ ಬೆಂಗಳೂರಿನ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆ ಸ್ಥಾಪನೆಯಾಗಿ, ಬನ್ನೇರುಘಟ್ಟ ರಸ್ತೆಗೆ ತೆರಳುವ ಮೊದಲು ಲ್ಯಾಂಗ್‌ಫರ್ಡ್ ರಸ್ತೆಯಲ್ಲಿಯೇ ನಡೆಯಿತು. ಹೀಗೆ ಗದ್ದಿ, ಬಿ.ಕಾಂ., ಸಂಜೆಯ ಡಿಪ್ಲೊಮಾ, ಉನ್ನತ ನಿರ್ವಹಣಾ ಶಿಕ್ಷಣ ನಾಲ್ಕೂ ಒಂದು ದಶಕದಲ್ಲಿ ಶಿವಾಜಿನಗರದಿಂದ ನಡೆದು ಹೋಗಬಹುದಾದ ದೂರದಲ್ಲಿದ್ದವು. ಸಂಸ್ಥೆಯ ಮೊದಲ ನಿರ್ದೇಶಕರಾದ ಎನ್.ಎಸ್. ರಾಮಸ್ವಾಮಿಯವರ ಹೆಸರು ಅಹಿಂಸಾಪ್ರಿಯರಿಗೆ ಬೇರೆ ಕಾರಣಕ್ಕೂ ಪರಿಚಿತ. ಎತ್ತಿನ ಗಾಡಿಯ ಸುಧಾರಣೆಗಾಗಿ, ದುಡಿಯುವ ಪ್ರಾಣಿಗಳ ನೋವನ್ನು ತಗ್ಗಿಸುವುದಕ್ಕಾಗಿ ಅವರು ದಶಕಗಳ ಕಾಲ ಶ್ರಮಿಸಿದರು. ನಿರ್ವಹಣಾ ವಿದ್ಯೆಯು ಎತ್ತಿನ ಹೆಗಲನ್ನೂ ನೋಡಬಹುದೆಂದು ಅವರು ತೋರಿಸಿದ್ದು ಸ್ಮರಣೀಯ.

ಆ ಸಂಸ್ಥೆ ಹುಟ್ಟಿದುದು ಮುಖ್ಯವಾಗಿ ಸಾರ್ವಜನಿಕ ರಂಗದ ಉದ್ದಿಮೆಗಳಿಗೆ ಆಡಳಿತಗಾರರನ್ನು ಒದಗಿಸಲು. ಅಂದಿನ ಉದ್ದಿಮೆಗಳಿಗೆ ಮಾರಾಟದ ಚಿಂತೆಯೇ ಇರಲಿಲ್ಲ. ಕೃಷ್ಣರಾಜಪುರದ ದೂರವಾಣಿನಗರದಲ್ಲಿ 1948ರಿಂದ ನಡೆಯುತ್ತಿದ್ದ ಐ.ಟಿ.ಐ. ಕಾರ್ಖಾನೆಯ ದೂರವಾಣಿಗಳಿಗೆ ಸರ್ಕಾರದ ಇಲಾಖೆಯೇ ಗಿರಾಕಿ. ಜನರು ದೂರವಾಣಿಗಾಗಿ ವರ್ಷಗಟ್ಟಲೆ ಸರದಿಯಲ್ಲಿ ಕಾಯುತ್ತಿದ್ದರು. ಸರದಿ ಇರುವಲ್ಲಿ ಮಾರುಕಟ್ಟೆಯ ವಿದ್ಯೆಗೆ ಕೆಲಸವಿಲ್ಲ. 1991ರ ಆರ್ಥಿಕ ನೀತಿಯ ತರುವಾಯ ಸರದಿ ಕರಗಿದಾಗ ಆ ವಿದ್ಯೆಗೆ ಒಮ್ಮೆಲೇ ಬೆಲೆ ಏರಿತು.

ಇದಕ್ಕಿಂತ ಆಳವಾದ ಇನ್ನೊಂದು ಕಾರಣವಿದೆ, ಅದರ ಕಡೆಗೆ ಯಾರೂ ಹೆಚ್ಚಾಗಿ ಗಮನ ಹರಿಸುವುದಿಲ್ಲ. ಸರಕು ಬಿಡಿಯಾಗಿದ್ದಾಗ ಅದರ ಗುಣವನ್ನು ಬಲ್ಲವನು ಅಂಗಡಿಕಾರ. ಅಕ್ಕಿಯ ಹಳಮೆ, ನೂಲಿನ ಎಣಿಕೆ, ಒರೆಗಲ್ಲಿನ ಮೇಲಿನ ಚಿನ್ನದ ಗೆರೆ ಇವನ್ನು ಅರಿಯುವ ಕಣ್ಣೇ ಅವನ ಬಂಡವಾಳ. 1977ರಲ್ಲಿ ಪೊಟ್ಟಣದ ಸರಕುಗಳ ನಿಯಮಗಳು ಬಂದವು. 1990ರ ತಿದ್ದುಪಡಿಯಿಂದ ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಚಿಲ್ಲರೆ ಬೆಲೆಯನ್ನು ಪೊಟ್ಟಣದ ಮೇಲೆಯೇ ಅಚ್ಚು ಮಾಡಬೇಕಾಯಿತು. ಬೆಲೆ ಅಚ್ಚಾದ ಮೇಲೆ ಚೌಕಾಸಿಯಿಲ್ಲ, ಪೊಟ್ಟಣ ಮುಚ್ಚಿದ ಮೇಲೆ ಪರೀಕ್ಷೆಯಿಲ್ಲ. ಚಿನ್ನದಲ್ಲಿಯೂ ಹಾಗೆಯೇ ಆಯಿತು. 2000ದಲ್ಲಿ ಆರಂಭವಾದ ಹಾಲ್‌ಮಾರ್ಕ್ ಮುದ್ರೆ 2021ರ ಜೂನ್ ತಿಂಗಳಿನಿಂದ ಬೆಂಗಳೂರೂ ಸೇರಿದಂತೆ ಹಲವು ಜಿಲ್ಲೆಗಳಲ್ಲಿ ಕಡ್ಡಾಯವಾಯಿತು. ಅಂಗಡಿಕಾರನ ಕಣ್ಣಿನಲ್ಲಿದ್ದ ಜ್ಞಾನ ತಯಾರಕನಿಗೂ ಪರೀಕ್ಷಾ ಕೇಂದ್ರಕ್ಕೂ ವರ್ಗವಾಯಿತು. ಗಿರಾಕಿಯ ನಂಬಿಕೆ ಯಜಮಾನನ ಮುಖವನ್ನು ಬಿಟ್ಟು ಮುದ್ರೆಯ ಕಡೆಗೆ ತಿರುಗಿತು. ಆ ಮುದ್ರೆಗೆ, ಆ ಹೆಸರಿಗೆ ನಂಬಿಕೆ ಗಳಿಸುವ ಕೆಲಸವೇ ಮಾರುಕಟ್ಟೆ ನಿರ್ವಹಣೆ. ಗದ್ದಿಯ ಕಲಿಕೆ ಸೋತುದು ಕಾಲೇಜು ಹೆಚ್ಚು ಚೆನ್ನಾಗಿ ಕಲಿಸಿತೆಂದಲ್ಲ, ಕಲಿಯಬೇಕಾದ ವಸ್ತುವೇ ಅಂಗಡಿಯಿಂದ ಎದ್ದುಹೋದುದರಿಂದ.

ಈ ಬದಲಾವಣೆಯ ಬೆನ್ನಿಗೇ 1990ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಬಿ.ಬಿ.ಎಂ. ಪದವಿ ಜನಪ್ರಿಯವಾಯಿತು. ಅದೇ ಮುಂದೆ ಬಿ.ಬಿ.ಎ. ಎಂಬ ಹೆಸರು ಪಡೆಯಿತು. ಹಳೆ ಮದರಾಸು ರಸ್ತೆಯ ಉದ್ದಕ್ಕೂ, ಕೃಷ್ಣರಾಜಪುರದಿಂದಾಚೆಗೂ ಖಾಸಗಿ ಕಾಲೇಜುಗಳು ತಲೆಯೆತ್ತಿದವು. ಕೃಷ್ಣರಾಜಪುರದಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜೂ ಇದೆ. ವಾಸಕ್ಕೆಂದು ನಿರ್ಮಿಸಿದ ಇಂದಿರಾನಗರದ ನೂರಡಿ ರಸ್ತೆಯ ಮನೆಗಳು ಒಂದೊಂದಾಗಿ ಮಳಿಗೆಗಳಾದವು. 2007ರಲ್ಲಿ ಫ್ಲಿಪ್‌ಕಾರ್ಟ್ ಸಂಸ್ಥೆ ಇದೇ ನಗರದಲ್ಲಿ ಪುಸ್ತಕ ಮಾರಾಟದಿಂದ ತೊಡಗಿತು. ಅದನ್ನು ಕಟ್ಟಿದ ಇಬ್ಬರೂ ದೆಹಲಿಯ ಐ.ಐ.ಟಿ.ಯಲ್ಲಿ ಕಂಪ್ಯೂಟರ್ ಓದಿದವರೇ ಹೊರತು ಮಾರಾಟವನ್ನು ಓದಿದವರಲ್ಲ ಎಂಬುದನ್ನು ಪದವಿಯ ಹೆಸರಿಗೆ ಮರುಳಾಗುವವರು ನೆನಪಿನಲ್ಲಿಡಬೇಕು. ಪದವಿಗಳ ಹೊರಕವಚ ಈಚೆಗೆ ಪದೇ ಪದೇ ಬದಲಾಗಿದೆ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಆನರ್ಸ್ ಪದವಿ ಬಂದಿತು. 2024ರಲ್ಲಿ ರಾಜ್ಯ ಸರ್ಕಾರವು ಮತ್ತೆ ಮೂರು ವರ್ಷಕ್ಕೆ ಮರಳಿತು. ಅದೇ ವರ್ಷದಿಂದ ಬಿ.ಬಿ.ಎ. ಪದವಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ವ್ಯಾಪ್ತಿಗೂ ಸೇರಿತು.

ಹಾಗಾದರೆ ಇವುಗಳಲ್ಲಿ ಯಾವುದಕ್ಕೆ ಎಷ್ಟು ಬೆಲೆ? ಸ್ವಂತ ಅಂಗಡಿಯಿರುವ ಮನೆಯ ಮಕ್ಕಳಿಗೆ ಬಿ.ಕಾಂ. ಈಗಲೂ ಹೆಚ್ಚು ಬಾಳುವ ಪದವಿಯೆಂದೇ ಹೇಳಬೇಕು. 2017ರ ಜುಲೈಯಿಂದ ಜಾರಿಗೆ ಬಂದ ಜಿ.ಎಸ್.ಟಿ. ಬಳಿಕ ಲೆಕ್ಕವೇ ಅರ್ಧ ವ್ಯಾಪಾರವಾಗಿದೆ. ಲೆಕ್ಕವನ್ನು ತರಗತಿಯಲ್ಲಿ ಕಲಿಯಬಹುದು, ಗಿರಾಕಿಯನ್ನು ಅರಿಯುವುದನ್ನು ಅಂಗಡಿಯೇ ಕಲಿಸುತ್ತದೆ. ಸಿ.ಎ. ಕಡೆಗೆ ಹೋಗುವವರಿಗೂ ಅದೇ ಹಾದಿ. ಅಂಗಡಿಯಿಲ್ಲದ, ಸಂಬಳದ ಉದ್ಯೋಗವನ್ನೇ ನಂಬಿದ ಕುಟುಂಬದ ಮಗುವಿಗೆ ಬಿ.ಬಿ.ಎ. ವಿಶಾಲವಾದ ಪರಿಚಯ ಕೊಡುತ್ತದೆ. ಜಾಹೀರಾತು, ಗ್ರಾಹಕರ ಮನಸ್ಸು, ಚಿಲ್ಲರೆ ಮಳಿಗೆಯ ನಿರ್ವಹಣೆ ಎಲ್ಲದರ ರುಚಿ ತೋರಿಸುತ್ತದೆ. ಆದರೆ ಅದರ ಗುಣ ಕಾಲೇಜಿನಿಂದ ಕಾಲೇಜಿಗೆ ಬಹಳ ವ್ಯತ್ಯಾಸವಾಗುತ್ತದೆ. ಒಂದೇ ವಿಶ್ವವಿದ್ಯಾನಿಲಯದ ಒಂದೇ ಪಾಠಪಟ್ಟಿಯನ್ನು ಸರ್ಕಾರಿ ಕಾಲೇಜು ಅಲ್ಪ ಶುಲ್ಕಕ್ಕೆ ಕಲಿಸುತ್ತದೆ, ಖಾಸಗಿ ಕಾಲೇಜು ಅದರ ಹಲವು ಪಟ್ಟು ಪಡೆದು ಕಲಿಸುತ್ತದೆ. ಹೆಚ್ಚಿನ ಹಣಕ್ಕೆ ಪ್ರತಿಯಾಗಿ ದೊರೆಯುವುದು ಕಟ್ಟಡವೋ, ಅಧ್ಯಾಪಕರೋ, ಕೆಲಸಕ್ಕೆ ಕರೆಯುವ ಕಂಪನಿಗಳೋ ಎಂದು ವಿಚಾರಿಸಿಯೇ ಹಣ ಕಟ್ಟಬೇಕು. ಸಾಲ ಮಾಡಿ ಎರಡು ವರ್ಷದ ಎಂ.ಬಿ.ಎ.ಗೆ ನೇರವಾಗಿ ಹಾರುವುದಕ್ಕಿಂತ, ಕೆಲವು ವರ್ಷ ದುಡಿದು ಹೋದವರು ತರಗತಿಯಲ್ಲಿ ಹೆಚ್ಚು ಪಡೆಯುತ್ತಾರೆ. ಅವರ ಕೈಯಲ್ಲಿ ಕೇಳಲು ಪ್ರಶ್ನೆಗಳಿರುತ್ತವೆ.

ಈ ಯಾವ ಶಿಕ್ಷಣಕ್ರಮವೂ ಮೊದಲ ಪಾಠವಾಗಿ ಕೇಳದ ಪ್ರಶ್ನೆಯೊಂದು ಉಳಿಯುತ್ತದೆ: ಏನನ್ನು ಮಾರಬಾರದು? ಮಾರುಕಟ್ಟೆಯ ವಿದ್ಯೆಗೆ ಸರಕು ಯಾವುದಾದರೂ ಒಂದೇ. ಜೈನ ಶ್ರಾವಕಾಚಾರದಲ್ಲಿ ಹಾಗಿಲ್ಲ. ಹೇಮಚಂದ್ರಾಚಾರ್ಯರ ‘ಯೋಗಶಾಸ್ತ್ರ’ದಲ್ಲಿಯೂ ಪಂಡಿತ ಆಶಾಧರರ ‘ಸಾಗಾರಧರ್ಮಾಮೃತ’ದಲ್ಲಿಯೂ ದಂತ, ವಿಷ, ಅರಗು ಮೊದಲಾದ ಹದಿನೈದು ವರ್ಜ್ಯ ಉದ್ಯೋಗಗಳ ಪ್ರಸ್ತಾಪವಿದೆ. ‘ತತ್ತ್ವಾರ್ಥಸೂತ್ರ’ದ ಏಳನೆಯ ಅಧ್ಯಾಯವು ಅಚೌರ್ಯವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನವನ್ನೂ ಪ್ರತಿರೂಪಕ ವ್ಯವಹಾರವನ್ನೂ ಸೇರಿಸಿದೆ. ಕೊಳ್ಳುವಾಗ ಒಂದು ಅಳತೆ, ಮಾರುವಾಗ ಇನ್ನೊಂದು ಅಳತೆ, ಒಂದರಂತೆ ತೋರುವ ಇನ್ನೊಂದನ್ನು ಕೊಡುವುದು ಇವೆಲ್ಲ ಕಳ್ಳತನದ ಬಾಗಿಲುಗಳು. ಹಳೆಯ ಗದ್ದಿಗಳಲ್ಲಿ ಇದು ಚಾಚೂ ತಪ್ಪದೆ ಪಾಲನೆಯಾಗುತ್ತಿತ್ತೆಂದು ಹೇಳಲು ಸಾಧ್ಯವಿಲ್ಲ. ಹಾಗಿದ್ದಲ್ಲಿ 1956ರ ತೂಕ ಮತ್ತು ಅಳತೆಗಳ ಕಾಯಿದೆಯೂ 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯೂ ಬೇಕಾಗುತ್ತಿರಲಿಲ್ಲ. ಆದರೆ ತಪ್ಪು ಮಾಡಿದವನು ತಪ್ಪು ಮಾಡಿದೆನೆಂದು ಬಲ್ಲವನಾಗಿದ್ದನು, ಪರ್ಯುಷಣದಲ್ಲೋ ದಶಲಕ್ಷಣದಲ್ಲೋ ಅದನ್ನು ನೆನೆಯಬೇಕಾಗುತ್ತಿತ್ತು. ಗ್ರಾಹಕ ಸಂರಕ್ಷಣೆಯ 2019ರ ಕಾಯಿದೆ ದಾರಿತಪ್ಪಿಸುವ ಜಾಹೀರಾತಿಗೆ ದಂಡ ವಿಧಿಸುತ್ತದೆ. ಕಾಲೇಜಿನಲ್ಲಿ ಅದನ್ನು ಕಾನೂನಿನ ಪಾಠವಾಗಿ ಓದಿಸುತ್ತಾರೆ, ಮಾರಾಟದ ಪಾಠವಾಗಿ ಅಲ್ಲ.

ಟ್ರಸ್ಟುಗಳ ವಿದ್ಯಾರ್ಥಿವೇತನದ ಅರ್ಜಿಗಳಲ್ಲಿ ಸಾಮಾನ್ಯವಾಗಿ ಕೇಳುವುದು ಶೇಕಡಾವಾರು ಅಂಕ, ಕಾಲೇಜಿನ ಹೆಸರು, ತಂದೆಯ ಆದಾಯ. ಸಂಜೆ ಕಾಲೇಜಿನ ವಿದ್ಯಾರ್ಥಿಗೆ, ಹಗಲು ಅಂಗಡಿಯಲ್ಲಿ ದುಡಿಯುವವನಿಗೆ, ಮದುವೆಯ ಬಳಿಕ ಮತ್ತೆ ಬಿ.ಕಾಂ. ಮುಂದುವರಿಸುವ ಹೆಣ್ಣುಮಗಳಿಗೆ ಆ ನಮೂನೆಯಲ್ಲಿ ತುಂಬಲು ಅಂಕಣ ಸಿಗುವುದು ಅಪರೂಪ. ಪೂರ್ಣಾವಧಿ ಪದವಿಗೆ ಮಾತ್ರ ಸಹಾಯವೆಂಬ ನಿಯಮವನ್ನು ಸಡಿಲಿಸಿ, ಸಂಜೆಯ ಡಿಪ್ಲೊಮಾಕ್ಕೂ ಲೆಕ್ಕಪತ್ರದ ಅಲ್ಪಾವಧಿ ತರಗತಿಗಳಿಗೂ ನಿಧಿಯ ಒಂದು ಭಾಗವನ್ನು ಮೀಸಲಿಡುವುದು ಧರ್ಮದರ್ಶಿಗಳ ಒಂದು ಸಭೆಯಲ್ಲಿ ತೀರ್ಮಾನವಾಗಬಹುದಾದ ವಿಷಯ. ಶಿವಾಜಿನಗರದ ಎರಡು ಬೀದಿಗಳಲ್ಲಿ ವಿಚಾರಿಸಿದರೂ ಅದಕ್ಕೆ ಅರ್ಹರಾದ ಹುಡುಗರು ಸಿಗುತ್ತಾರೆ, ಅವರಲ್ಲಿ ಎಲ್ಲರೂ ಮಾಲೀಕರ ಮಕ್ಕಳಲ್ಲ.